ಬೆರಳು ಬಿಟ್ಟ ಕೈಗವಸು

ಪಟ್ಟಾಭಿಷೇಕಗಳಿಗೂ ದಂಡಯಾತ್ರೆಗಳಿಗೂ ಶಾಸನಗಳುಂಟು, ಬಖೈರುಗಳುಂಟು. ಚಳಿಯಲ್ಲಿ ಸೆಡೆತ ಕೈಗೆ ಹೊದಿಕೆಯನ್ನು ಹೆಣೆದುಕೊಟ್ಟವರ ವಿಷಯದಲ್ಲಿ ಇವೆರಡೂ ಇಲ್ಲ. ಅವರ ಕೆಲಸ ತೊಟ್ಟಷ್ಟೂ ಸವೆಯುವಂಥದು. ಸವೆದುದನ್ನು ಬಿಚ್ಚಿ ಅದೇ ನೂಲಿನಿಂದ ಮತ್ತೊಂದನ್ನು ಹೆಣೆಯುವುದು ಬಡವರ ಮನೆಯ ಪದ್ಧತಿ. ಕಟ್ಟಕಡೆಗೆ ಉಳಿದ ಚಿಂದಿಯನ್ನು ನುಸಿಯು ತಿಂದುಬಿಡುವುದು. ಆದುದರಿಂದ ಹೆಣಿಗೆಯ ಚರಿತ್ರೆಯನ್ನು ಅರಿಯಬಯಸುವವರು ಗೋರಿಗಳಲ್ಲಿ ದೊರೆತ ಚೂರುಗಳನ್ನೂ, ಸರಕಾರದ ಕಾಯಿದೆಗಳನ್ನೂ, ವಿಚಾರಣಾ ಮಂಡಲಿಯ ಮುಂದೆ ಬಡ ಹೆಂಗಸರು ನುಡಿದ ಸಾಕ್ಷ್ಯಗಳನ್ನೂ ಒಂದುಗೂಡಿಸಿ ನೋಡಬೇಕಾಗುತ್ತದೆ. ಹಾಗೆ ನೋಡಿದರೆ, ಕೈಕೆಲಸಕ್ಕೆ ಬೆಲೆ ಕಟ್ಟುವವರಾರು, ಕಟ್ಟಿದ ಬೆಲೆ ಯಾರ ಕೈ ಸೇರುತ್ತದೆ ಎಂಬ ದೊಡ್ಡದೊಂದು ಪ್ರಶ್ನೆ ಅಂಗೈಯಗಲದ ಈ ವಸ್ತುವಿನಲ್ಲಿ ಅಡಗಿರುವುದು ಕಂಡುಬರುತ್ತದೆ.

ಗವಸಣಿಗೆಯೆಂದರೆ ಮುಚ್ಚುವ ಚೀಲ; ಕೈಗೆ ಹಾಕುವ ಗವಸಣಿಗೆಯೇ ಕೈಗವಸು. ಇದರಲ್ಲಿ ಮೂರು ಬಗೆಗಳುಂಟು. ಐದು ಬೆರಳುಗಳಿಗೂ ಬೇರೆ ಬೇರೆ ಮನೆಗಳಿರುವುದು ಒಂದು. ಹೆಬ್ಬೆರಳನ್ನು ಮಾತ್ರ ಪ್ರತ್ಯೇಕಿಸಿ ಉಳಿದ ನಾಲ್ಕನ್ನೂ ಒಂದೇ ಚೀಲದಲ್ಲಿ ಸೇರಿಸುವುದು ಎರಡನೆಯದು. ಮಣಿಕಟ್ಟನ್ನೂ ಅಂಗೈಯನ್ನೂ ಮುಚ್ಚಿ ಬೆರಳುಗಳ ತುದಿಯನ್ನು ಬಯಲಿಗೆ ಬಿಡುವುದು ಮೂರನೆಯದು. ಬರಿಯ ಬೆಚ್ಚನೆಯ ಸುಖವನ್ನು ಬಯಸುವವನಿಗೆ ಎರಡನೆಯದೇ ಮೇಲು. ಮೂರನೆಯದಾದರೋ ಚಳಿಯಲ್ಲಿಯೂ ಕೆಲಸ ಬಿಡಲಾಗದವರಿಗೆ ಹುಟ್ಟಿದುದು. ಬೆಂಕಿಯಿಲ್ಲದ ಕೋಣೆಯಲ್ಲಿ ಲೇಖನಿ ಹಿಡಿಯುವ ಗುಮಾಸ್ತೆ, ಬಲೆಯನ್ನು ಸರಿಪಡಿಸುವ ಬೆಸ್ತ, ಸಂತೆಯಲ್ಲಿ ಚಿಲ್ಲರೆಯನ್ನೆಣಿಸುವ ಹೆಂಗಸು, ಕಾವಲು ನಿಂತ ಸಿಪಾಯಿ, ಇವರಿಗೆ ಬೆರಳ ತುದಿಯ ಸ್ಪರ್ಶ ಬೇಕು. ಅಂಗೈಯ ಕಾವೂ ಬೇಕು. ಈ ಎರಡು ಅಗತ್ಯಗಳ ನಡುವಣ ರಾಜಿಯೇ ಬೆರಳು ಬಿಟ್ಟ ಕೈಗವಸು.

ನೇಯ್ಗೆಗೂ ಹೆಣಿಗೆಗೂ ಇರುವ ಅಂತರವನ್ನು ಇಲ್ಲಿ ಹೇಳಬೇಕು. ನೇಯ್ಗೆಗೆ ಹಾಸು ಬೇಕು, ಹೊಕ್ಕು ಬೇಕು, ಇವೆರಡನ್ನೂ ಹಿಡಿದಿಡುವ ಮಗ್ಗ ಬೇಕು. ಹೆಣಿಗೆಗೆ ಒಂದೇ ಎಳೆಯ ನೂಲು, ಒಂದೆರಡು ಕಡ್ಡಿ ಸಾಕು. ನೂಲನ್ನು ಕುಣಿಕೆಯಾಗಿಸಿ, ಆ ಕುಣಿಕೆಯೊಳಗಿಂದ ಮತ್ತೊಂದನ್ನೆಳೆದು, ಸಾಲಿನ ಮೇಲೆ ಸಾಲನ್ನು ಏರಿಸುತ್ತ ಹೋದರೆ ಬಟ್ಟೆಯಾಗುತ್ತದೆ. ನೇಯ್ದ ಬಟ್ಟೆ ಎಳೆದರೆ ಬಿಗಿಯುವುದು. ಹೆಣೆದುದು ಎಳೆದತ್ತ ಹಿಗ್ಗಿ, ಬಿಟ್ಟೊಡನೆ ಕುಗ್ಗಿ, ಅಂಗಕ್ಕೆ ಅಂಟಿಕೊಳ್ಳುವುದು. ಅಂಗಾಲು, ಅಂಗೈ, ತಲೆ ಮೊದಲಾದ ಕೊಂಕುಳ್ಳ ಅವಯವಗಳಿಗೆ ಹೆಣಿಗೆಯೇ ತಕ್ಕುದಾದುದಕ್ಕೆ ಇದೇ ಕಾರಣ. ಒಂದು ದೋಷವುಂಟು: ಒಂದು ಕುಣಿಕೆ ಜಾರಿದರೆ ಕೆಳಗಿನವರೆಗೆ ಏಣಿಯಂತೆ ಬಿಚ್ಚುತ್ತದೆ. ಆದರೆ ಹೊತ್ತುಕೊಂಡು ಹೋಗಬಹುದಾದ ಕಸುಬು ಇದರಂತೆ ಬೇರೊಂದಿಲ್ಲ. ಮಗ್ಗದ ಮುಂದೆ ನೇಕಾರ ಕುಳಿತಿರಬೇಕು. ಹೆಣೆಯುವವಳು ದನ ಕಾಯುತ್ತಲೂ, ದಾರಿ ನಡೆಯುತ್ತಲೂ, ತೊಟ್ಟಿಲು ತೂಗುತ್ತಲೂ ಹೆಣೆಯಬಲ್ಲಳು.

ಈ ವಿದ್ಯೆ ಮೊದಲಿಗೆ ಎಲ್ಲಿ ತೋರಿತೆಂದರೆ ದೃಷ್ಟಿಯು ಈಜಿಪ್ಟಿನತ್ತ ಹರಿಯುತ್ತದೆ. ಆ ದೇಶದ ಒಣ ಮರಳು ಚಿಂದಿಯನ್ನೂ ಕಾಪಾಡಿದೆ. ಆಕ್ಸಿರಿಂಕಸ್ ಎಂಬಲ್ಲಿ ಸಿಕ್ಕಿದ ಕೆಂಪು ಉಣ್ಣೆಯ ಕಾಲ್ಚೀಲಗಳು ಕ್ರಿ. ಶ. 3ರಿಂದ 5ನೆಯ ಶತಮಾನದ ನಡುವಣವು. ಪಟ್ಟಿಯ ಪಾದರಕ್ಷೆಯನ್ನು ಮೆಟ್ಟುವುದಕ್ಕೆ ಅನುಕೂಲವಾಗಲೆಂದು ಹೆಬ್ಬೆರಳಿಗೆ ಬೇರೆ ಮನೆಯನ್ನು ಮಾಡಿದವು. ಆದರೆ ಇವನ್ನು ಒಂದೇ ಸೂಜಿಯಿಂದ ಗಂಟು ಗಂಟಾಗಿ ಹೆಣೆದಿರುವುದರಿಂದ ನಿಜವಾದ ಕಡ್ಡಿಯ ಹೆಣಿಗೆಯೆನ್ನಲಾಗದು. ನಿಜವಾದ ಹೆಣಿಗೆಯ ಹಳೆಯ ಮಾದರಿಗಳೂ ಈಜಿಪ್ಟಿನವೇ. ನೀಲಿ ಬಿಳಿ ಹತ್ತಿಯ ನೂಲಿನ ಈ ಕಾಲ್ಚೀಲದ ತುಣುಕುಗಳನ್ನು ಸುಮಾರು 11ರಿಂದ 14ನೆಯ ಶತಮಾನದವೆಂದು ಪಂಡಿತರು ಗಣಿಸುತ್ತಾರೆ. ಅವುಗಳ ಕೆಲಸ ಆಗಲೇ ನುರಿತ ಕೈಯದು; ಕಲಿಕೆಯ ತೊದಲು ಅದರಲ್ಲಿಲ್ಲ.

ಅರಬರ ಆಳಿಕೆಯನ್ನು ಕಂಡ ಸ್ಪೇಯಿನಿನಲ್ಲಿ ಈ ಕಲೆಯ ಮುಂದಿನ ಹೆಜ್ಜೆ ಸಿಕ್ಕುತ್ತದೆ. 1275ರಲ್ಲಿ ಮಡಿದ ಕ್ಯಾಸ್ಟೀಲಿನ ರಾಜಕುಮಾರ ಫೆರ್ನಾಂಡೋ ದೆ ಲಾ ಸೆರ್ದಾನ ಗೋರಿಯೊಳಗೆ, ಬುರ್ಗೋಸಿನ ಲಾಸ್ ಹುಯೆಲ್ಗಾಸ್ ಮಠದಲ್ಲಿ, ರೇಷ್ಮೆಯಲ್ಲಿ ಹೆಣೆದ ದಿಂಬಿನ ಹೊದಿಕೆ ದೊರೆತಿದೆ. ಕ್ರೈಸ್ತ ರಾಜಪುತ್ರನ ತಲೆಯಡಿಯ ಆ ದಿಂಬಿನ ಅಂಚಿನಲ್ಲಿ ಹೆಣೆದಿರುವುದು ಅರಬ್ಬೀ ಅಕ್ಷರಗಳಲ್ಲಿ ‘ಆಶೀರ್ವಾದ’ ಎಂಬ ಮಾತು. ಇಂಥ ರೇಷ್ಮೆಯ ಹೆಣಿಗೆಯೇ ಬಿಶಪ್ಪರ ಪೂಜಾವೇಳೆಯ ಕೈಗವಸುಗಳಿಗೂ ಒದಗಿತು. 1404ರಲ್ಲಿ ತೀರಿಕೊಂಡ ವಿಲಿಯಂ ಆಫ್ ವಿಕಮ್ ಎಂಬ ಬಿಶಪ್ಪನದೆನ್ನುವ ಕೆಂಪು ರೇಷ್ಮೆಯ ಕೈಗವಸುಗಳನ್ನು ಆಕ್ಸ್‌ಫರ್ಡಿನ ನ್ಯೂ ಕಾಲೇಜಿನಲ್ಲಿ ಇಂದಿಗೂ ಕಾಪಾಡಿದ್ದಾರೆ. ಇತ್ತ ಬಡವರ ಉಣ್ಣೆಗೂ ಸಾಕ್ಷಿ ಇಲ್ಲದಿಲ್ಲ. ಬಾಲ್ಟಿಕ್ ತೀರದ ಎಸ್ಟೋನಿಯಾದಲ್ಲಿ, 13ನೆಯ ಶತಮಾನದ ಕೊನೆಯ ಅಥವಾ 14ರ ಆದಿಯ ಹೆಂಗಸೊಬ್ಬಳ ಸಮಾಧಿಯಲ್ಲಿ, ಬಣ್ಣದ ಉಣ್ಣೆಯ ಕೈಚೀಲದ ಒಂದು ತುಣುಕು ಸಿಕ್ಕಿದೆ. ಬಿಶಪ್ಪನ ರೇಷ್ಮೆಗೆ ಹೆಸರುಂಟು. ಆ ಹೆಂಗಸಿಗೆ ಇಲ್ಲ.

ಇಂಗ್ಲೆಂಡಿನಲ್ಲಿ ಹೆಣಿಗೆಯು ಹೊಟ್ಟೆಯ ಪಾಡಿನ ಕಸುಬಾದುದು ಮೊದಲು ಟೋಪಿಗಳಿಂದ, ಬಳಿಕ ಕಾಲ್ಚೀಲಗಳಿಂದ. ಟೋಪಿಯವರ ಜೀವನ ಕುಂದುತ್ತಿದೆಯೆಂದು 1571ರಲ್ಲಿ ಒಂದು ಕಾಯಿದೆಯಾಯಿತು. ಶ್ರೀಮಂತರೇ ಮೊದಲಾದ ಕೆಲವರನ್ನು ಬಿಟ್ಟು ಆರು ವರ್ಷಕ್ಕೆ ಮೇಲ್ಪಟ್ಟವರೆಲ್ಲರೂ ಭಾನುವಾರವೂ ಹಬ್ಬದ ದಿನವೂ ಇಂಗ್ಲಿಷ್ ಉಣ್ಣೆಯ ಹೆಣೆದ ಟೋಪಿಯನ್ನೇ ಇಡಬೇಕು. ತಪ್ಪಿದರೆ ದಿನಕ್ಕೆ 3 ಷಿಲಿಂಗ್ 4 ಪೆನ್ಸ್ ದಂಡ. ಜನರ ಷೋಕಿಯನ್ನು ದಂಡದಿಂದ ತಿದ್ದಲಾಗಲಿಲ್ಲ. 1597ರಲ್ಲಿ ಕಾಯಿದೆ ರದ್ದಾಯಿತು. ಅಷ್ಟರಲ್ಲಿ ಕಾಲ್ಚೀಲದ ಹೆಣಿಗೆ ಊರೂರಿಗೆ ಹಬ್ಬಿತ್ತು. ಬಡಮಕ್ಕಳು ಭಿಕ್ಷೆ ಬೇಡದೆ ಗಳಿಸಲೆಂದು ಲಿಂಕನ್, ಯಾರ್ಕ್ ಮೊದಲಾದ ಪಟ್ಟಣಗಳಲ್ಲಿ ಹೆಣಿಗೆಯ ಶಾಲೆಗಳನ್ನು ತೆರೆದರು.

ಈ ಸಮಯದಲ್ಲಿಯೇ ಯಂತ್ರ ಬಂದಿತು. 1589ರಲ್ಲಿ ನಾಟಿಂಗ್‌ಹ್ಯಾಮ್ ಸೀಮೆಯ ಕ್ಯಾಲ್ವರ್ಟನ್ ಎಂಬ ಹಳ್ಳಿಯ ವಿಲಿಯಂ ಲೀ ಎಂಬವನು ಒಂದು ಸಾಲಿನ ಕುಣಿಕೆಗಳನ್ನೆಲ್ಲ ಒಮ್ಮೆಗೇ ಹಾಕುವ ಚೌಕಟ್ಟನ್ನು ನಿರ್ಮಿಸಿದನು. ಎಲಿಜಬೆತ್ ರಾಣಿಯು ಅದನ್ನು ಕಂಡು, ಹೆಣೆದು ಬದುಕುವ ತನ್ನ ಬಡಪ್ರಜೆಗಳ ಅನ್ನಕ್ಕೆ ಇದು ಕುತ್ತೆಂದು ಏಕಸ್ವಾಮ್ಯದ ಪತ್ರವನ್ನು ಕೊಡಲಿಲ್ಲವೆಂಬುದು ಪ್ರತೀತಿ. ಲೀಯು ಫ್ರಾನ್ಸಿಗೆ ಹೋಗಿ ನಾಲ್ಕನೆಯ ಹೆನ್ರಿಯ ಆಶ್ರಯದಲ್ಲಿ ರೂಆನ್ ಪಟ್ಟಣದಲ್ಲಿ ಕೆಲಸವನ್ನು ಹೂಡಿದನು. 1610ರಲ್ಲಿ ಆ ರಾಜನ ಕೊಲೆಯಾಯಿತು. ಆಶ್ರಯ ತಪ್ಪಿದ ಲೀ ಪರದೇಶದಲ್ಲಿಯೇ ತೀರಿಕೊಂಡನು. ಅವನ ತಮ್ಮನು ಚೌಕಟ್ಟುಗಳನ್ನು ಇಂಗ್ಲೆಂಡಿಗೆ ಮರಳಿ ತಂದನು. 1657ರಲ್ಲಿ ಚೌಕಟ್ಟಿನ ಹೆಣಿಗೆಯವರ ಸಂಘಕ್ಕೆ ಸನ್ನದು ದೊರೆಯಿತು.

ಯಂತ್ರವು ಕೈಯ ಅನ್ನವನ್ನು ಕಸಿಯುವುದೆಂದು ಹೇಳಿಬಿಡುವುದು ಸುಲಭ. ನಡೆದುದು ಅಷ್ಟು ನೇರವಾಗಿಲ್ಲ. ಇನ್ನೂರು ವರ್ಷಗಳಲ್ಲಿ ಚೌಕಟ್ಟಿನವರೇ ಒಂದು ದೊಡ್ಡ ಬಡಸಮುದಾಯವಾದರು. ಚೌಕಟ್ಟು ಯಜಮಾನನದು, ಅದಕ್ಕೆ ವಾರವಾರವೂ ಬಾಡಿಗೆ ತೆರಬೇಕು. 1811ರಲ್ಲಿ ನಾಟಿಂಗ್‌ಹ್ಯಾಮ್ ಸೀಮೆಯಲ್ಲಿ ಚೌಕಟ್ಟುಗಳನ್ನು ರಾತ್ರಿಯ ಹೊತ್ತು ಒಡೆಯಲಾರಂಭಿಸಿದ ಲಡ್ಡೈಟರೆಂಬವರು ಯಂತ್ರದ್ವೇಷಿಗಳೆಂದು ಪ್ರಸಿದ್ಧರಾದರೂ, ಅವರೇ ಯಂತ್ರದಿಂದ ಬದುಕಿದವರು. ಅವರ ಮುಖ್ಯ ದೂರು ಬೇರೆ: ಅಗಲವಾದ ಹೆಣಿಗೆಯ ಬಟ್ಟೆಯನ್ನು ಕತ್ತರಿಸಿ ಹೊಲಿದ ಕಳಪೆ ಕಾಲ್ಚೀಲಗಳನ್ನು ಒಳ್ಳೆಯವೆಂದು ಮಾರಿ, ಕಸುಬಿನ ಹೆಸರನ್ನೂ ಕೂಲಿಯನ್ನೂ ಕೆಡಿಸುತ್ತಿದ್ದಾರೆ ಎಂಬುದು. 1812ರಲ್ಲಿ ಚೌಕಟ್ಟು ಒಡೆದವರಿಗೆ ಮರಣದಂಡನೆಯನ್ನು ವಿಧಿಸುವ ಮಸೂದೆ ಬಂದಾಗ ಬೈರನ್ ಕವಿಯು ಶ್ರೀಮಂತರ ಸಭೆಯಲ್ಲಿ, ಫೆಬ್ರುವರಿ 27ರಂದು, ತನ್ನ ಮೊದಲ ಭಾಷಣವನ್ನೇ ಅದರ ವಿರುದ್ಧವಾಗಿ ಮಾಡಿದನು. ಮಸೂದೆ ಕಾಯಿದೆಯಾಯಿತು.

ಇಷ್ಟಾದರೂ ಕೈಹೆಣಿಗೆ ಅಳಿಯಲಿಲ್ಲ. ಲೀಯ ಚೌಕಟ್ಟು ಹೆಣೆಯುವುದು ಚಪ್ಪಟೆಯಾದ ಬಟ್ಟೆಯನ್ನು. ಅದನ್ನು ಮಡಿಸಿ ಹೊಲಿಯಬೇಕು. ಕೈಯಾದರೋ ನಾಲ್ಕೈದು ಕಡ್ಡಿಗಳ ಮೇಲೆ ಸುತ್ತುಸುತ್ತಾಗಿ ಕೊಳವೆಯನ್ನೇ ಹೆಣೆಯಬಲ್ಲುದು. ಹೊಲಿಗೆಯ ಗೀರು ಎಲ್ಲಿಯೂ ಇಲ್ಲ. ಬೆರಳು ಬಿಟ್ಟ ಕೈಗವಸಿನ ರಚನೆಯಲ್ಲಿ ಈ ಜಾಣ್ಮೆ ಚೆನ್ನಾಗಿ ಕಾಣುತ್ತದೆ. ನಲವತ್ತೆಂಟು ಕುಣಿಕೆಗಳನ್ನು ಹಾಕಿ ಮೂರು ಕಡ್ಡಿಗಳಿಗೆ ಹದಿನಾರರಂತೆ ಹಂಚಿ, ನಾಲ್ಕನೆಯದರಿಂದ ಹೆಣೆಯುತ್ತಾರೆ. ಮಣಿಕಟ್ಟಿನ ಭಾಗದಲ್ಲಿ ಎರಡು ಕುಣಿಕೆ ಮುಮ್ಮುಖ, ಎರಡು ಹಿಮ್ಮುಖವಾಗಿ ಸಾಗಿದರೆ ಏರುತಗ್ಗಿನ ಗೆರೆಗಳಾಗಿ ಬಟ್ಟೆ ಮಣಿಕಟ್ಟನ್ನು ಬಿಗಿಯಾಗಿ ಹಿಡಿಯುತ್ತದೆ. ಬಳಿಕ ಅಂಗೈಯನ್ನು ಸಾದಾ ಹೆಣೆಯುತ್ತ, ಹೆಬ್ಬೆರಳ ಬುಡದಲ್ಲಿ ಎರಡು ಮೂರು ಸುತ್ತಿಗೊಮ್ಮೆ ಎರಡೆರಡು ಕುಣಿಕೆಗಳನ್ನು ಹೆಚ್ಚಿಸಿದರೆ ಅಲ್ಲಿ ತ್ರಿಕೋಣಾಕಾರದ ಸಡಿಲು ಹುಟ್ಟುತ್ತದೆ. ಅದು ಸಾಕಷ್ಟು ಬೆಳೆದಾಗ ಆ ಕುಣಿಕೆಗಳನ್ನು ಒಂದು ದಾರದಲ್ಲಿ ಪೋಣಿಸಿಟ್ಟು, ಅಂಗೈಯನ್ನು ಬೆರಳ ಗಿಣ್ಣಿನವರೆಗೆ ಮುಗಿಸಿ, ಕೊನೆಗೆ ದಾರದಲ್ಲಿದ್ದವನ್ನು ಎತ್ತಿಕೊಂಡು ಹೆಬ್ಬೆರಳಿಗೆ ಗಿಡ್ಡ ತೋಳನ್ನು ಮಾಡುತ್ತಾರೆ. ನುರಿತವಳು ಅಳತೆಪಟ್ಟಿಯನ್ನು ಕೇಳುವುದಿಲ್ಲ. ತೊಡುವವನ ಕೈಯನ್ನು ಒಮ್ಮೆ ಹಿಡಿದು ನೋಡಿದರೆ ಸಾಕು.

ಯಾರ್ಕ್‌ಷೈರಿನ ಡೆಂಟ್ ಕಣಿವೆಯಲ್ಲಿ ಈ ಕಸುಬು ಬಲವಾಗಿ ಬೇರೂರಿತ್ತು. ಗಂಡಸರು, ಹೆಂಗಸರು, ಮಕ್ಕಳು ಎಲ್ಲರೂ ಹೆಣೆಯುತ್ತಿದ್ದರು; ಕೆಂಡಲ್ ಪಟ್ಟಣದ ವರ್ತಕರು ಉಣ್ಣೆಯನ್ನು ಹಂಚಿ ಹೆಣೆದುದನ್ನು ಒಯ್ಯುತ್ತಿದ್ದರು. ಸೊಂಟದ ಪಟ್ಟಿಯಲ್ಲಿ ಸಿಕ್ಕಿಸಿದ ಮರದ ಗೂಟವೊಂದು ಬಲಗಡೆಯ ಕಡ್ಡಿಯನ್ನು ಹಿಡಿದಿರುವುದು. ಅದರಿಂದ ಕೈ ಹಗುರವಾಗಿ ವೇಗ ಹೆಚ್ಚುವುದು. ಪ್ರಾಯದ ಹುಡುಗರು ಆ ಗೂಟವನ್ನು ಕೆತ್ತಿ, ಅದರಲ್ಲಿ ಹೆಸರಿನ ಅಕ್ಷರಗಳನ್ನು ಕೊರೆದು, ಒಲಿದ ಹುಡುಗಿಗೆ ಕೊಡುತ್ತಿದ್ದರು. ಚಳಿಗಾಲದ ರಾತ್ರಿ ದೀಪವೂ ಬೆಂಕಿಯೂ ಉಳಿಯಲೆಂದು ನೆರೆಹೊರೆಯವರೆಲ್ಲ ಒಂದೊಂದು ದಿನ ಒಂದೊಂದು ಮನೆಯಲ್ಲಿ ಸೇರಿ, ಕಥೆ ಹೇಳುತ್ತ, ಹಾಡಿನ ಲಯಕ್ಕೆ ಸುತ್ತುಗಳನ್ನೆಣಿಸುತ್ತ ಹೆಣೆಯುವರು. ಆ ಊರಿನಲ್ಲಿ 1785ರಲ್ಲಿ ಹುಟ್ಟಿ ಕೇಂಬ್ರಿಜ್ಜಿನಲ್ಲಿ ಭೂಶಾಸ್ತ್ರದ ಆಚಾರ್ಯನಾದ ಆಡಂ ಸೆಜ್‌ವಿಕ್ಕನು ತನ್ನ ಮುಪ್ಪಿನಲ್ಲಿ ಈ ಕೂಟಗಳನ್ನು ಪ್ರೀತಿಯಿಂದ ನೆನೆದು ಬರೆದಿದ್ದಾನೆ.

ಆದರೆ ಅದೇ ಡೆಂಟಿನ ಇನ್ನೊಂದು ಮುಖವೂ ಬರವಣಿಗೆಗೆ ಸೇರಿದೆ. ಸದೀ ಕವಿಯ ‘ದಿ ಡಾಕ್ಟರ್’ ಎಂಬ ಗ್ರಂಥದಲ್ಲಿ ಬೆಟ್ಟಿ ಯೂಡೇಲ್ ಎಂಬ ವೃದ್ಧೆಯ ಬಾಯಿಂದ ಕೇಳಿ ಬರೆದುಕೊಂಡ ವೃತ್ತಾಂತವೊಂದುಂಟು. ಬೆಟ್ಟಿಯೂ ಅವಳ ತಂಗಿಯೂ ಎಳೆಯರಾಗಿದ್ದಾಗ ಅವರನ್ನು ಲ್ಯಾಂಗ್ಡೇಲಿನಿಂದ ಡೆಂಟಿಗೆ ಹೆಣಿಗೆ ಕಲಿಯಲು ಕಳುಹಿಸಿದ್ದರು. ಮೂರು ಹೊತ್ತೂ ಹೆಣಿಗೆ, ಬಿಡುವಿಲ್ಲ, ಆಟವಿಲ್ಲ, ಮನೆಯ ನೆನಪು ತಾಳಲಾಗಲಿಲ್ಲ. ಕೊನೆಗೆ ಆ ಎರಡು ಮಕ್ಕಳು ಚಳಿಗಾಲದಲ್ಲಿ ಯಾರಿಗೂ ಹೇಳದೆ ಹೊರಟು, ಹಿಮದಲ್ಲಿ ದಾರಿ ನಡೆದು ತಾಯಿಯ ಮನೆಯನ್ನು ಸೇರಿದರು. ಕೂಟದ ಹಾಡೂ ನಿಜ, ಮಕ್ಕಳ ಓಟವೂ ನಿಜ. ಕೈಕಸುಬನ್ನು ಹೊಗಳುವವರು ಮೊದಲನೆಯದನ್ನು ಮಾತ್ರ ನೆನೆಯುವುದು ವಾಡಿಕೆ.

ಸ್ಕಾಟ್ಲೆಂಡಿನ ತೆಂಕಣ ಭಾಗದಲ್ಲಿರುವ ಸ್ಯಾಂಕರ್ ಎಂಬ ಸಣ್ಣ ಪಟ್ಟಣದ ಕಥೆ ಮತ್ತೊಂದು ಬಗೆಯದು. 18ನೆಯ ಶತಮಾನದಲ್ಲಿ ಅಲ್ಲಿ ಹೆಣೆದ ಕಾಲ್ಚೀಲಗಳು ಸಮುದ್ರವನ್ನು ದಾಟಿ ಅಮೆರಿಕದ ವರ್ಜೀನಿಯಾ ಪ್ರಾಂತಕ್ಕೆ ಹೋಗುತ್ತಿದ್ದುವು. 1775ರಲ್ಲಿ ಅಮೆರಿಕದ ಸ್ವಾತಂತ್ರ್ಯಯುದ್ಧ ಮೊದಲಾಗಲು ಆ ಮಾರುಕಟ್ಟೆ ಮುಚ್ಚಿ ಕಸುಬು ಕುಗ್ಗಿತು. ಆದರೆ ಕೈಗವಸಿನ ರೂಪದಲ್ಲಿ ಉಳಿಯಿತು. ಎರಡು ಬಣ್ಣದ, ಹೆಚ್ಚಾಗಿ ಕಪ್ಪು ಬಿಳಿಯ, ನಯವಾದ ನೂಲಿನಲ್ಲಿ ಸಣ್ಣ ಸಣ್ಣ ಚೌಕಗಳನ್ನು ಹೆಣೆಯುವುದು ಅಲ್ಲಿಯ ಸಂಪ್ರದಾಯ; ‘ಡ್ಯೂಕ್’, ‘ಗುಲಾಬಿ’, ‘ಸೊಳ್ಳೆ ಮತ್ತು ನೊಣ’ ಎಂದು ವಿನ್ಯಾಸಗಳಿಗೆ ಹೆಸರುಗಳು. ಮಣಿಕಟ್ಟಿನ ಸುತ್ತ ತೊಡುವವನ ಹೆಸರಿನ ಮೊದಲಕ್ಷರಗಳನ್ನು ಹೆಣೆಯುವುದು ಇವುಗಳ ವೈಶಿಷ್ಟ್ಯ. ಯಾರಿಗೆಂದು ತಿಳಿಯದೆ ರಾಶಿಗಟ್ಟಲೆ ಮಾಡುವ ಸರಕಿನಲ್ಲಿ ಇದು ಆಗದ ಮಾತು. ಮಾಡುವ ಮುನ್ನ ತೊಡುವವನು ಗೊತ್ತಿರಬೇಕು. ತಾಯಿ ಮಗಳಿಗೆ ಬಾಯಲ್ಲಿ ಹೇಳಿಕೊಡುತ್ತಿದ್ದ ಈ ವಿನ್ಯಾಸಗಳನ್ನು 20ನೆಯ ಶತಮಾನದ ನಡುವೆ ಸ್ಕಾಟ್ಲೆಂಡಿನ ಗ್ರಾಮೀಣ ಮಹಿಳಾ ಸಂಸ್ಥೆಯವರು ಅಚ್ಚು ಹಾಕಿಸಿದುದರಿಂದ ಅವು ಉಳಿದುವು.

ಬೆಲೆಯ ಪ್ರಶ್ನೆ ಬಯಲಿಗೆ ಬಂದುದು ಇನ್ನೂ ಬಡಗಲ ಷೆಟ್ಲೆಂಡ್ ದ್ವೀಪಗಳಲ್ಲಿ. ಮರವಿಲ್ಲದ, ಗಾಳಿ ಬೀಸುವ ಆ ದ್ವೀಪಗಳಲ್ಲಿ ಗಂಡಸರು ಕಡಲಿಗೆ ಹೋದರೆ ಹೊಲ ಮನೆಗಳ ಭಾರವೆಲ್ಲ ಹೆಂಗಸರದು. ಉರುವಲಿಗೆ ಕಡಿದ ಜವುಗು ಮಣ್ಣಿನ ಹೆಂಟೆಗಳನ್ನು ಬುಟ್ಟಿಯಲ್ಲಿ ಬೆನ್ನಿಗೆ ಹೊತ್ತು, ನಡೆಯುತ್ತಲೇ ಎರಡೂ ಕೈಗಳಿಂದ ಹೆಣೆಯುತ್ತಿದ್ದ ಅವರ ಚಿತ್ರಗಳು ಎಷ್ಟೋ ಉಳಿದಿವೆ. ಅಲ್ಲಿಯ ಶಾಲು ಮದುವೆಯ ಉಂಗುರದೊಳಗಿಂದ ಹಾಯುವಷ್ಟು ನವುರೆಂದು ಲಂಡನ್ನಿನವರೆಗೂ ಖ್ಯಾತಿಯಿತ್ತು. ಖ್ಯಾತಿಗೆ ತಕ್ಕ ಹಣ ಮಾತ್ರ ಹೆಣೆದವಳಿಗೆ ಸಿಕ್ಕುತ್ತಿರಲಿಲ್ಲ. ವರ್ತಕನು ಶಾಲಿಗೂ ಕೈಗವಸಿಗೂ ಬೆಲೆ ಕಟ್ಟಿ, ಆ ಬೆಲೆಗೆ ತನ್ನ ಅಂಗಡಿಯ ಚಹವನ್ನೋ ಬಟ್ಟೆಯನ್ನೋ ಕೊಡುವನು. ಇಲ್ಲವೇ ಮುಂದೆ ಸಾಮಾನು ಪಡೆಯಲು ಚೀಟಿ ಬರೆದುಕೊಡುವನು. ಮನೆಯಲ್ಲಿ ಬೇಕಾದುದು ಹಿಟ್ಟು. ಕೈಗೆ ಬಂದುದು ಚಹ. ಆಕೆ ಆ ಚಹವನ್ನು ಹಳ್ಳಿಯ ಮನೆಮನೆಗೆ ಒಯ್ದು ಹಿಟ್ಟಿಗೂ ಆಲೂಗೆಡ್ಡೆಗೂ ಬದಲಾಯಿಸಿಕೊಳ್ಳಬೇಕಾಗಿತ್ತು.

1872ರ ಜನವರಿಯಲ್ಲಿ ಸರಕಾರವು ನೇಮಿಸಿದ ವಿಚಾರಣಾಧಿಕಾರಿ ವಿಲಿಯಂ ಗಥ್ರಿಯು ಲರ್ವಿಕ್ ಪಟ್ಟಣದಲ್ಲಿ ಕುಳಿತು ಸಾಕ್ಷ್ಯ ತೆಗೆದುಕೊಂಡನು. ಅಂಗಡಿಯವನ ಮರ್ಜಿಯಲ್ಲಿ ಬದುಕಬೇಕಾದ ಹೆಂಗಸರು ಒಬ್ಬೊಬ್ಬರಾಗಿ ಬಂದು, ತಾವು ಏನನ್ನು ಹೆಣೆದೆವು, ಅದಕ್ಕೆಷ್ಟು ಹಿಡಿಯಿತು, ಪ್ರತಿಯಾಗಿ ಏನು ಬಂದಿತು ಎಂಬುದನ್ನು ಹೆಸರು ಸಹಿತ ಹೇಳಿದರು. ನಾಳೆ ಇದೇ ವರ್ತಕನ ಬಾಗಿಲಿಗೆ ಹೋಗಬೇಕೆಂದು ತಿಳಿದೂ ಹೇಳಿದರು. ಆ ಸಾಕ್ಷ್ಯಗಳ ವರದಿ ಅದೇ ವರ್ಷ ಅಚ್ಚಾಯಿತು. ಹದಿನೈದು ವರ್ಷಗಳ ತರುವಾಯ, 1887ರ ಕಾಯಿದೆಯಲ್ಲಿ, ಮನೆಯಲ್ಲಿ ಹೆಣೆದ ಉಣ್ಣೆಯ ಸರಕಿಗೂ ನಗದು ಹಣವನ್ನೇ ಕೊಡತಕ್ಕುದೆಂಬ ವಿಧಿ ಸೇರಿತು. ಕಾಯಿದೆ ಬಂದರೂ ವಾಡಿಕೆ ಒಮ್ಮೆಗೇ ಅಳಿಯಲಿಲ್ಲ. 20ನೆಯ ಶತಮಾನದಲ್ಲಿಯೂ ಕೆಲವೆಡೆ ಉಳಿದಿತ್ತು. ಆದರೂ ಹೆಣಿಗೆಯ ಚರಿತ್ರೆಯಲ್ಲಿ ಹೆಣೆಯುವವರ ದನಿ ಇಷ್ಟು ಸ್ಪಷ್ಟವಾಗಿ ಕೇಳಿಬಂದ ಪ್ರಸಂಗಗಳು ವಿರಳ.

ಇದೇ ಶತಮಾನದಲ್ಲಿ ಹೆಣಿಗೆಯು ಸಿರಿವಂತರ ಮನೆಯ ವಿನೋದವೂ ಆಯಿತು. 1830-40ರ ಸುಮಾರಿನಲ್ಲಿ ಕಪ್ಪು ರೇಷ್ಮೆಯ ಬಲೆಯಂಥ, ಬೆರಳು ಬಿಟ್ಟ ಕೈಗವಸುಗಳು ಕುಲೀನ ಸ್ತ್ರೀಯರ ಅಲಂಕಾರವಾದುವು. ಬೆಸ್ತನ ಅಗತ್ಯ ದೊರೆಸಾನಿಯ ಷೋಕಿಯಾಯಿತು. ಎಡಿನ್‌ಬರೊದಲ್ಲಿ ಉಣ್ಣೆಯ ಅಂಗಡಿಯಿಟ್ಟಿದ್ದ ಜೇನ್ ಗಾಗೇನ್ ಎಂಬಾಕೆಯು 1840ರಲ್ಲಿ ಹೆಣಿಗೆಯ ಕೈಪಿಡಿಯನ್ನು ಪ್ರಕಟಿಸಿದಳು. ಅಲ್ಲಿಯವರೆಗೆ ಕೈಯಿಂದ ಕೈಗೆ ಹರಿದ ವಿದ್ಯೆ ಅಕ್ಷರ ಸಂಕೇತಗಳಾಗಿ ಹಾಳೆಯ ಮೇಲೆ ನಿಂತಿತು. ಓದು ಬಲ್ಲ ಯಾರೂ ಗುರುವಿಲ್ಲದೆ ಕಲಿಯುವಂತಾದುದು ಲಾಭ. ಆದರೆ ಬಿಡುವಿಗಾಗಿ ಹೆಣೆಯುವವಳು ಕೂಲಿ ಕೇಳುವುದಿಲ್ಲ. ಆ ಕಾರಣದಿಂದ ಕೂಲಿಗಾಗಿ ಹೆಣೆಯುವವಳ ಕೆಲಸವೂ ಅಗ್ಗವೆಂದು ಜನ ಎಣಿಸತೊಡಗಿದುದು ನಷ್ಟ.

ಈ ನಷ್ಟ ಯುದ್ಧಕಾಲದಲ್ಲಿ ಸ್ಫುಟವಾಯಿತು. 1914ರಲ್ಲಿ ಮಹಾಯುದ್ಧ ಮೊದಲಾಗಲು ಮೇರಿ ರಾಣಿಯು ಸಿಪಾಯಿಗಳಿಗಾಗಿ ಮೂರು ಲಕ್ಷ ಜೊತೆ ಕಾಲ್ಚೀಲಗಳನ್ನು ಒದಗಿಸಬೇಕೆಂದು ದೇಶದ ಸ್ತ್ರೀಯರನ್ನು ಬೇಡಿದಳು. ಶಾಲೆಯ ಮಕ್ಕಳಿಂದ ಮುದುಕಿಯರವರೆಗೆ ಎಲ್ಲರೂ ಹೆಣೆದರು. ಬಂದೂಕಿನ ಕೀಲನ್ನು ಎಳೆಯುವ ಬೆರಳು ಬಿಡುವಾಗಿರಬೇಕಾದುದರಿಂದ ಬೆರಳು ಬಿಟ್ಟ ಕೈಗವಸುಗಳೂ ಕಂತೆಕಂತೆಯಾಗಿ ಹೋದುವು. ಆಗ ಕಾರ್ಮಿಕ ಸ್ತ್ರೀಯರ ನಾಯಕಿ ಮೇರಿ ಮೆಕಾರ್ಥರಳು, ಪುಕ್ಕಟೆ ಮಾಡಿಕೊಡುವ ಈ ಕೆಲಸದಿಂದ ಅದೇ ಕೆಲಸವನ್ನು ಮಾಡಿ ಉಣ್ಣುವ ಸಾವಿರಾರು ಹೆಂಗಸರು ನಿರುದ್ಯೋಗಿಗಳಾಗುವರೆಂದು ಎಚ್ಚರಿಸಿದಳು. ರಾಣಿಯು ಆಕೆಯನ್ನು ಕರೆಸಿ ಕೇಳಿದಳು. ಸ್ತ್ರೀಯರಿಗೆ ಕೂಲಿಯ ಕೆಲಸವನ್ನೇ ಒದಗಿಸುವ ನಿಧಿಯೊಂದು ಸ್ಥಾಪಿತವಾಯಿತು. ಆ ಚಳಿಗಾಲದಲ್ಲಿ ಹೆಣಿಗೆಯ ಬೆಚ್ಚಗೆ ಭಾರತದವರಿಗೂ ಮುಟ್ಟಿತು. ಮಾರ್ಸೇಲ್ಸ್ ಬಂದರದಲ್ಲಿಳಿದು ಫ್ರಾನ್ಸಿನ ಕಂದಕಗಳಲ್ಲಿ ನಿಂತ ಭಾರತೀಯ ಸಿಪಾಯಿಗಳಿಗೆ, ಲಂಡನ್ನಿನಲ್ಲಿ ಏರ್ಪಟ್ಟ ಭಾರತೀಯ ಸಿಪಾಯಿಗಳ ನಿಧಿಯವರು ಉಣ್ಣೆಯ ಉಡುಪುಗಳನ್ನು ಕಳುಹಿಸಿದರು.

ಕನ್ನಡನಾಡಿನಲ್ಲಿ ಕಡ್ಡಿಯ ಹೆಣಿಗೆ ಹಳೆಯ ಕಸುಬಲ್ಲ. ಇಲ್ಲಿಯ ಕುರಿಯ ಉಣ್ಣೆ ಒರಟು. ಅದನ್ನು ಕುರುಬರು ಕುಳಿಮಗ್ಗದಲ್ಲಿ ನೇಯ್ದು ಕಂಬಳಿಯನ್ನಾಗಿಸಿದರು. ಬಿಸಿಲಿಗೂ ಮಳೆಗೂ ಚಳಿಗೂ ಒಂದೇ ಕಂಬಳಿ ಸಾಕಾದ ಕಡೆ ಕೈಗವಸನ್ನು ಕೇಳುವವರಿಲ್ಲ. ಧಾರವಾಡ ಸೀಮೆಯ ಕಸೂತಿಯಾದರೂ ನೇಯ್ದ ಬಟ್ಟೆಯ ಮೇಲೆ ಎಳೆಯೆಣಿಸಿ ಹಾಕುವಂಥದು, ಬಟ್ಟೆಯನ್ನೇ ಹುಟ್ಟಿಸುವಂಥದಲ್ಲ. ಆದರೂ ಹೆಣಿಗೆಯೆಂಬ ಮಾತು ಕನ್ನಡಕ್ಕೆ ಹೊಸದಲ್ಲ. ಚಾಪೆ, ಬುಟ್ಟಿ, ಬಲೆ, ಜಡೆ, ಇವನ್ನೆಲ್ಲ ಹೆಣೆದ ಕೈಗಳು ಪರದೇಶದ ಕಡ್ಡಿಯನ್ನು ಹಿಡಿದಾಗ ಭಾಷೆಯು ಹೊಸ ಪದಕ್ಕಾಗಿ ತಡಕಬೇಕಾಗಲಿಲ್ಲ. ಹೆಣ್ಣುಮಕ್ಕಳ ಶಾಲೆಗಳಲ್ಲಿ ಸೂಜಿಗೆಲಸವೂ ಹೆಣಿಗೆಯೂ ಪಾಠವಾದುವು. ಮಗುವಿನ ಕುಲಾವಿಯೂ ಮುದುಕರ ಕೊರಳಪಟ್ಟಿಯೂ ಮನೆಗಳಲ್ಲಿ ತಯಾರಾದುವು. ಆದರೆ ಇಲ್ಲಿಯೂ ಅದು ಬಿಡುವಿನ ಕೆಲಸವೆಂದೇ ಎಣಿಕೆಯಾದುದರಿಂದ, ಅದನ್ನು ಕೂಲಿಯ ಲೆಕ್ಕಕ್ಕೆ ತಂದವರು ಕಡಮೆ.

ಷೆಟ್ಲೆಂಡಿನಲ್ಲಿಯೂ ಸ್ಯಾಂಕರಿನಲ್ಲಿಯೂ ಇಂದಿಗೂ ಕೈಯಿಂದ ಹೆಣೆಯುವವರಿದ್ದಾರೆ. ಒಂದು ಜೊತೆ ಒಳ್ಳೆಯ ಕೈಗವಸಿಗೆ ಹತ್ತಾರು ಗಂಟೆಗಳ ಕೆಲಸ ಹಿಡಿಯುತ್ತದೆ. ಆ ಗಂಟೆಗಳಿಗೆ ಸರಿಯಾದ ಕೂಲಿಯನ್ನು ಕಟ್ಟಿದರೆ ಕೊಳ್ಳುವವರು ಬೆಚ್ಚುತ್ತಾರೆ. 1872ರಲ್ಲಿ ಲರ್ವಿಕ್ಕಿನ ಹೆಂಗಸರು ಅಧಿಕಾರಿಯ ಮುಂದಿಟ್ಟ ಲೆಕ್ಕ ಅದೇ: ಇಷ್ಟು ಉಣ್ಣೆ, ಇಷ್ಟು ದಿನ, ಇಷ್ಟು ಚಹ. ಆ ಲೆಕ್ಕದ ಮೊದಲೆರಡು ಅಂಕಣಗಳು ಹೆಣೆಯುವವಳಿಗೆ ಯಾವಾಗಲೂ ಸರಿಯಾಗಿ ತಿಳಿದಿದ್ದುವು. ಮೂರನೆಯದನ್ನು ಬರೆಯುವವರು ಬೇರೆಯವರು.